ಒಂಬತ್ತನೇ ಇಂಚಿನಲ್ಲಿ

ಕೊಡವರ ಆಯುಧ ಹಬ್ಬ ಕೈಲ್‌ಪೋಳ್ದ್‌ಗೆ ಇನ್ನೊಂದೇ ದಿನ. ಹೊರಗೆ ಸೋನೆ ಹಿಡಿದಿದೆ. ವಿರಾಜಪೇಟೆ ಹತ್ತಿರದ ಈ ಐನ್‌ಮನೆಯ ಜಗಲಿಯಲ್ಲಿ ಚಾಪೆ ಹಾಸಿ, ಅದರ ಮೇಲೊಂದು ಹಳೇ ಪಂಚೆ ಹರಡಿ, ಜೋಡುನಳಿಗೆ ಕೋವಿಯನ್ನು ಬಿಚ್ಚಿಟ್ಟಿದ್ದಾರೆ. ಮರದ ಹಿಡಿ ಒಂದು ಕಡೆ, ಅವಳಿ ನಳಿಗೆ ಇನ್ನೊಂದು ಕಡೆ. ನಡುವೆ ಎಣ್ಣೆ ಬಟ್ಟೆ, ಹಿತ್ತಾಳೆ ಬ್ರಷ್ಷು, ತಣ್ಣಗಾದ ಕಾಫಿ ಲೋಟ.

ಮೊಮ್ಮಗನ ಕೈಯಲ್ಲಿ ಡಿಜಿಟಲ್ ಕ್ಯಾಲಿಪರ್. ನಳಿಗೆಯ ಬಾಯಿಗೆ ಅದರ ಎರಡು ಮೂತಿ ತೂರಿಸಿ ಅಗಲಿಸಿದ. 17.3 ಮಿಲಿಮೀಟರ್ ಎಂದು ತೋರಿಸಿತು. ಇನ್ನೊಮ್ಮೆ ಅಳೆದ. ಅಷ್ಟೇ.

‘ಅಜ್ಜ, ಪತ್ರದಲ್ಲಿ ಹನ್ನೆರಡು ಬೋರ್ ಅಂತಿದೆ. ಹನ್ನೆರಡಕ್ಕೆ ಹದಿನೆಂಟೂವರೆ ಬರಬೇಕಲ್ಲ?’

ಪತ್ರವೆಂದರೆ ವಿನಾಯಿತಿ ಪತ್ರ. 1861ರಲ್ಲಿ ಬ್ರಿಟಿಷರು ಕೊಡವರಿಗೆ ಕೊಟ್ಟ ಕೋವಿಯ ವಿನಾಯಿತಿ ಸ್ವತಂತ್ರ ಭಾರತದಲ್ಲೂ ಮುಂದುವರಿದು, ಈಗ 2029ರವರೆಗೆ ನಿಂತಿದೆ. ಲೈಸೆನ್ಸ್ ಬೇಡ, ಸರಿ. ಆದರೆ ಕೋವಿಯ ನಂಬರು, ಬೋರು ಕಾಗದದಲ್ಲಿ ಇದ್ದಂತೆಯೇ ಇರಬೇಕು. ಹುಡುಗನ ಮುಖ ಕಳೆಗುಂದಿತು. ಅಜ್ಜ ಏನೂ ಹೇಳದೆ ಮೈಸೂರಿನಿಂದ ಬಂದಿದ್ದ ಕೋವಿ ರಿಪೇರಿಯವರ ಕಡೆ ನೋಡಿದರು.

ಅವರು ಕನ್ನಡಕ ಏರಿಸಿ, ನಳಿಗೆಯನ್ನು ಮಗ್ಗುಲು ಹೊರಳಿಸಿದರು. ‘ಬಾಯಲ್ಲಿ ಅಳೀಬಾರದಪ್ಪ. ಅಲ್ಲಿ ಚೋಕ್ ಇರುತ್ತೆ.’

ಚರೆಗಳು ಚದುರದೆ ಒತ್ತಾಗಿ ಹೋಗಲೆಂದು ನಳಿಗೆಯ ತುದಿಯನ್ನು ಬಿಗಿ ಮಾಡಿರುತ್ತಾರೆ. ಪೂರ್ತಿ ಚೋಕ್ ಇದ್ದರೆ ಒಂದು ಮಿಲಿಮೀಟರ್‌ನಷ್ಟು ಕಿರಿದು. ಹಾಗಾದರೆ ಹಿಂದಿನಿಂದ ಅಳೆಯೋಣವೆಂದರೆ ಅಲ್ಲಿ ತೋಟಾ ಕೂರುವ ಮನೆ, ಅದು ನಳಿಗೆಗಿಂತ ಅಗಲ. ಒಂದೇ ನಳಿಗೆ, ಮೂರು ಕಡೆ ಮೂರು ಅಳತೆ. ಹಾಗಿದ್ದ ಮೇಲೆ ‘ಬೋರ್’ ಅಂದರೆ ಎಲ್ಲಿಯ ಅಗಲ? ನಳಿಗೆಯ ಯಾವ ಜಾಗದಲ್ಲಿ ಎಂದು ಹೇಳದೆ ಬರೀ ಅಂಕಿ ಹೇಳಿದರೆ ಅದಕ್ಕೆ ಬೆಲೆಯಿಲ್ಲ. ಬಂದೂಕಿನ ಕಾನೂನಿನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಈ ಮಾತೇ.

ನಳಿಗೆಯ ಹೊಟ್ಟೆಯ ಚಪ್ಪಟೆ ಜಾಗವನ್ನು ಎಣ್ಣೆ ಬಟ್ಟೆಯಿಂದ ಒರೆಸಿದಾಗ ಸಣ್ಣ ಮುದ್ರೆಗಳು ಎದ್ದು ಬಂದವು. ಕಿರೀಟದ ಕೆಳಗೆ ಎನ್‌ಪಿ. ವಜ್ರದಾಕಾರದ ಚೌಕಟ್ಟಿನಲ್ಲಿ 12, ಅದರಡಿ ಸಿ. ಪಕ್ಕದಲ್ಲಿ, ಭಿನ್ನರಾಶಿಯಂತೆ, 13ರ ಕೆಳಗೆ 1.

ಇವು ಬರ್ಮಿಂಗ್‌ಹ್ಯಾಮಿನ ಮುದ್ರೆಗಳು. 1813ರಿಂದ ಅಲ್ಲೊಂದು ಪ್ರೂಫ್ ಹೌಸ್ ಇದೆ. ತಯಾರಾದ ಪ್ರತಿ ನಳಿಗೆಗೂ ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ, ತಡೆದುಕೊಂಡದ್ದಕ್ಕೆ ಮಾತ್ರ ಮುದ್ರೆ ಒತ್ತುವ ಜಾಗ. ವಜ್ರದೊಳಗಿನ 12 ತೋಟಾಮನೆಯ ಅಳತೆ. ಅಂದರೆ ಪತ್ರದಲ್ಲಿ ಬರೆದದ್ದು ಸರಿಯೇ. 13/1 ಎಂಬುದು ನಳಿಗೆಯ ನಿಜವಾದ ಅಗಲ, ಅಳೆದದ್ದು ಹಿಂಬದಿಯಿಂದ ಒಂಬತ್ತು ಇಂಚು ಒಳಗೆ. ಅಲ್ಲಿ ತೋಟಾಮನೆಯ ಅಗಲವೂ ಇಲ್ಲ, ಚೋಕ್‌ನ ಬಿಗಿಯೂ ಇಲ್ಲ.

ಅಂಕಿಗಳ ಲೆಕ್ಕ ಹಳೆಯದು. ಒಂದು ಪೌಂಡ್ ಸೀಸದಿಂದ ಒಂದೇ ಸಮನಾದ ಹನ್ನೆರಡು ಗುಂಡು ಎರಕ ಹೊಯ್ದರೆ ಒಂದೊಂದೂ ಸುಮಾರು 38 ಗ್ರಾಂ, ಅಡ್ಡಳತೆ 0.729 ಇಂಚು. ಅದು ಹನ್ನೆರಡು ಬೋರ್. ಹದಿಮೂರು ಗುಂಡು ಮಾಡಿದರೆ 0.710. ಈ ಎರಡರ ಅಂತರ ಕಾನೂನಿಗೆ ದೊಡ್ಡದೆನಿಸಿ ನಡುವೆ 0.719ರ ಮೆಟ್ಟಿಲೊಂದನ್ನು ಇಟ್ಟರು. ಅದೇ 13/1. ಬ್ರಿಟನ್ನಿನಲ್ಲಿ ಇಂಥ ನಳಿಗೆಯೊಳಗೆ 0.729ರ ಗೇಜು ಒಂಬತ್ತು ಇಂಚು ಹೋಯಿತೆಂದರೆ ಹಳೇ ಮುದ್ರೆಗೆ ಬೆಲೆಯಿಲ್ಲ. ಮರುಪರೀಕ್ಷೆ ಆಗದೆ ಮಾರಿದರೆ ಅಪರಾಧ. ವ್ಯತ್ಯಾಸ ಇಂಚಿನ ನೂರನೇ ಒಂದು ಪಾಲು. ಒಂದು ಪೋಸ್ಟ್ ಕಾರ್ಡಿನ ದಪ್ಪ ಅನ್ನಿ.

ರೈಫಲ್ಲಿನದು ಇನ್ನೂ ಸೂಕ್ಷ್ಮ. ಒಳಗೆ ಸುರುಳಿ ಸುತ್ತಿದ ಗೀರುಗಳಿರುವುದರಿಂದ ಅಗಲವೂ ಎರಡು: ಏಣಿನಿಂದ ಏಣಿಗೆ, ಗೀರಿನ ತಳದಿಂದ ತಳಕ್ಕೆ. .303ರ ಹೆಸರು ಏಣುಗಳ ನಡುವಿನ ಅಗಲದ್ದು; ಅದರ ಗುಂಡು .311. ಮೆತ್ತನೆಯ ಸೀಸದ ಉಂಡೆಯನ್ನು ನಳಿಗೆಯಲ್ಲಿ ನೂಕಿ, ಮೈಮೇಲೆ ಮೂಡಿದ ಅಚ್ಚನ್ನು ಮೈಕ್ರೋಮೀಟರಿನಲ್ಲಿ ಅಳೆಯುತ್ತಾರೆ. ಲೀ–ಎನ್‌ಫೀಲ್ಡ್‌ಗೆ ಐದು ಗೀರು. ಬೆಸ ಸಂಖ್ಯೆಯಾದ್ದರಿಂದ ಪ್ರತಿ ಏಣಿನ ಎದುರಿಗೆ ಗೀರೇ ಬರುತ್ತದೆ, ಮಾಮೂಲಿ ಮೈಕ್ರೋಮೀಟರ್ ಅಲ್ಲಿ ಸೋಲುತ್ತದೆ. ಅದಕ್ಕೆ ‘ವಿ’ ಆಕಾರದ ದವಡೆಯದೇ ಬೇಕು. ನಮ್ಮ ದೇಶದಲ್ಲಿ .303 ನಿಷೇಧಿತ ಬೋರ್, .315ಕ್ಕೆ ಸಾಮಾನ್ಯ ಲೈಸೆನ್ಸ್ ಸಾಕು. ನಡುವೆ ಇರುವುದು ಇಂಚಿನ ಸಾವಿರದಲ್ಲಿ ಹನ್ನೆರಡು ಪಾಲು. ಆದರೆ ನಿಯಮ ಬರೀ ಅಗಲವನ್ನು ನಂಬಿ ಕೂತಿಲ್ಲ. ಬೋರ್ ಯಾವುದೇ ಇರಲಿ, .303ರ ತೋಟಾ ಹಿಡಿಸಿ ಹಾರಿಸಬಲ್ಲ ರೈಫಲ್ಲೂ ನಿಷೇಧಿತವೇ. ಅಮೆರಿಕದ 1968ರ ಕಾನೂನು ಗೆರೆ ಎಳೆದದ್ದು ಅರ್ಧ ಇಂಚಿಗೆ. ಅಲ್ಲಿನ ಐವತ್ತು ಕ್ಯಾಲಿಬರ್ ರೈಫಲ್ಲಿನ ಗುಂಡು .510 ಇದ್ದರೂ ಏಣುಗಳ ನಡುವೆ .500 ಮಾತ್ರ. ಗೀರಿನ ತಳದಲ್ಲಿ ಅಳೆದಿದ್ದರೆ ಅದು ಗೆರೆಯಾಚೆ ಬೀಳುತ್ತಿತ್ತು.

ರಿಪೇರಿಯವರು ಚೀಲದಿಂದ ಚಿಕ್ಕ ಪೆಟ್ಟಿಗೆ ತೆಗೆದರು. ಒಳಗೆ ಮಖಮಲ್ಲಿನ ಕುಳಿಗಳಲ್ಲಿ ಉಕ್ಕಿನ ಗೇಜುಗಳು, ಹೆಬ್ಬೆರಳಿನ ಗಾತ್ರದವು. ಬರಿಗೈಯಲ್ಲಿ ಮುಟ್ಟಲಿಲ್ಲ, ಕೈಯ ಬಿಸಿಗೆ ಉಕ್ಕು ಹಿಗ್ಗುತ್ತದಂತೆ. ಬಟ್ಟೆಯಲ್ಲಿ ಹಿಡಿದು ಸರಳಿಗೆ ತಿರುಚಿದರು. ಸರಳಿನ ಮೇಲೆ ಒಂಬತ್ತು ಇಂಚಿಗೆ ಕೆಂಪು ಗೆರೆ.

ಬಲನಳಿಗೆ. 0.719 ನುಣ್ಣಗೆ ಜಾರಿ ಒಳಗೆ ಹೋಯಿತು. 0.729 ತೋಟಾಮನೆ ದಾಟಿದ್ದೇ ಟಕ್ ಎಂದು ನಿಂತಿತು. ಹುಡುಗ ನಿಟ್ಟುಸಿರು ಬಿಟ್ಟ.

ಎಡನಳಿಗೆ. 0.729 ಮತ್ತೆ ತೋಟಾಮನೆಯ ಕೊನೆಗೆ ಬಂತು. ನಿಲ್ಲಲಿಲ್ಲ. ಒಳಗೆ ಅದುಮಿದ ಗಾಳಿ ಸುಯ್ ಎಂದಿತು. ಕೆಂಪು ಗೆರೆ ನಳಿಗೆಯೊಳಗೆ ಮರೆಯಾಯಿತು.

ಯಾರೂ ಮಾತಾಡಲಿಲ್ಲ. ರಿಪೇರಿಯವರು ಸರಳನ್ನು ಹೊರಗೆಳೆದು, ಬಟ್ಟೆಯಲ್ಲಿ ಒರೆಸಿ, ಇನ್ನೊಮ್ಮೆ ಬಿಟ್ಟರು. ಮತ್ತೆ ಹೋಯಿತು. ‘ಯಾವಾಗಲೋ ತುಕ್ಕು ಹಿಡಿದಿದೆ ಅಜ್ಜ. ಉಜ್ಜಿ ತೆಗೆದಿದ್ದಾರೆ. ಗೋಡೆ ಎಷ್ಟು ಉಳಿದಿದೆ ಅಂತ ಬೇರೆ ಅಳೀಬೇಕು. ಅಲ್ಲೀವರೆಗೆ ಹಾರಿಸಬೇಡಿ.’

‘ನಮ್ಮಪ್ಪ ಉಜ್ಜಿದ್ದು,’ ಎಂದರು ಅಜ್ಜ. ‘ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ. ಮರಳು ಕಾಗದ ಕಟ್ಟಿ.’

ನಳಿಗೆಗೆ ಎಣ್ಣೆ ಸವರಿ, ಹಿಡಿಗೆ ಕೂಡಿಸಿ, ದೇವರ ಕೋಣೆಯಾದ ಕನ್ನಿಕೋಂಬರೆಯಲ್ಲಿ ಒರಗಿಸಿಟ್ಟರು. ಮಾರನೇ ದಿನ ಅದರ ಬಾಯಿಗೂ ತೋಕ್‌ಪೂ, ಅಂದರೆ ಕೋವಿ ಹೂ, ಸಿಕ್ಕಿಸಿದರು, ಕೆಂಪು ಹಳದಿ ಎಸಳುಗಳು ಬೆಂಕಿಯಂತೆ. ತೆಂಗಿನಕಾಯಿಗೆ ಗುರಿಯಿಡಲು ಎಲ್ಲರೂ ಮೈದಾನಕ್ಕೆ ಹೊರಟಾಗ ಹುಡುಗ ಚಿಕ್ಕಪ್ಪನ ಕೋವಿ ಹೆಗಲಿಗೇರಿಸಿದ. ಈ ಕೋವಿ ದೀಪದ ಪಕ್ಕದಲ್ಲೇ ಉಳಿಯಿತು.