ಚದುರಂಗದ ಮೊದಲ ಪಂದ್ಯ

ಹುಲಿ-ಕುರಿ ಆಟ ನಮಗೆಲ್ಲ ಗೊತ್ತು. ಚೌಕಾಬಾರವೂ ಗೊತ್ತು. ಚದುರಂಗವೂ ಹಾಗೇ ಮಣೆ ಆಟ. ಚೆಸ್ ಅಂತಾರಲ್ಲ, ಅದೇ. ಮಣೆಯಲ್ಲಿ 64 ಮನೆ. ಒಬ್ಬೊಬ್ಬರಿಗೆ 16 ಕಾಯಿ. ಎದುರಿನ ರಾಜನಿಗೆ ತಪ್ಪಿಸಿಕೊಳ್ಳಲು ದಾರಿ ಇಲ್ಲದ ಹಾಗೆ ಮಾಡಿದರೆ ಗೆಲುವು.

ಇದು ಗಂಡಸರ ಆಟ ಅನ್ನೋರಿದ್ದಾರೆ. ನಾಗಪುರದ ದಿವ್ಯಾ ದೇಶಮುಖ್ 2025ರಲ್ಲಿ ಮಹಿಳೆಯರ ವಿಶ್ವಕಪ್ ಗೆದ್ದರು. ಆಗ ಅವರಿಗೆ 19 ವರ್ಷ!

ಮಗಳು ಮೊದಲ ಸಲ ಪಂದ್ಯಕ್ಕೆ ಹೊರಟರೆ ನಾವೂ ನಿಯಮ ತಿಳಿದಿರಬೇಕು. ಮನೆಯಲ್ಲಾದರೆ "ಅಯ್ಯೋ, ಈ ಕಾಯಿ ಬೇಡ, ಅದು" ಅಂತೀವಿ. ಪಂದ್ಯದಲ್ಲಿ ಅದು ನಡೆಯೋದಿಲ್ಲ. ನಡೆಸಲೆಂದು ಮುಟ್ಟಿದ ಕಾಯಿಯನ್ನೇ ನಡೆಸಬೇಕು. ಮೊದಲು ಯೋಚನೆ, ಆಮೇಲೆ ಕೈ.

ಪಕ್ಕದಲ್ಲಿ ಗಡಿಯಾರ ಇರುತ್ತೆ. ಕಾಯಿ ನಡೆಸಿದ ಕೂಡಲೇ ಅದರ ಗುಂಡಿ ಒತ್ತಬೇಕು. ಮರೆತರೆ ನಮ್ಮ ಹೊತ್ತೇ ಓಡುತ್ತೆ. ಹೊತ್ತು ಮುಗಿದರೆ ಗೆಲ್ಲುವ ಆಟವೂ ಕೈತಪ್ಪುತ್ತೆ. ಮೊಬೈಲ್ ಜೊತೆಗೆ ಇಟ್ಟುಕೊಳ್ಳುವಂತಿಲ್ಲ.

ದೀರ್ಘ ಆಟದಲ್ಲಿ ಪ್ರತಿ ನಡೆಯನ್ನೂ ಹಾಳೆಯಲ್ಲಿ ಬರೆಯಬೇಕು. ಒಂದೊಂದು ಮನೆಗೂ ಒಂದು ಅಕ್ಷರ, ಒಂದು ಅಂಕಿ ಸೇರಿದ ಹೆಸರಿದೆ. ತಕರಾರು ಬಂದರೆ ತೀರ್ಪುಗಾರರು ಈ ಹಾಳೆಯನ್ನೇ ಕೇಳುತ್ತಾರೆ. ಆಟ ಮುಗಿದ ಮೇಲೆ ಇಬ್ಬರೂ ಸಹಿ ಹಾಕಬೇಕು. ಗೆದ್ದದ್ದು ಯಾರು ಅಂತ ಬರೆದಿದೆ? ಓದಿ ನೋಡದೆ ಸಹಿ ಹಾಕಬಾರದು. ತಪ್ಪಾಗಿ ಬರೆದಿದ್ದರೂ, ಸಹಿ ಬಿದ್ದರೆ ಅದೇ ನಿಂತುಬಿಡಬಹುದು.

ಗೆದ್ದರೆ 1 ಅಂಕ, ಸರಿಸಮ ಆದರೆ ಅರ್ಧ. ಸೋತ ಕೂಡಲೇ ಮನೆಗೆ ಕಳಿಸೋದು ಅಪರೂಪ. ಮುಂದಿನ ಸುತ್ತಿಗೆ ಸುಮಾರು ನಮ್ಮಷ್ಟೇ ಅಂಕದವರು ಎದುರಿಗೆ ಬರುತ್ತಾರೆ. ಸಂಜೆವರೆಗೂ ಆಟ ಇರಬಹುದು. ಬುತ್ತಿ ಕಟ್ಟಿಕೊಂಡೇ ಹೋಗಬೇಕು.