ಅವರ ವಿಮಾನ ಈಗ ಎಲ್ಲಿದೆ?

ಮನೆಯವರು ದುಬೈಯಿಂದಲೋ ದಮ್ಮಾಮ್‌ನಿಂದಲೋ ಊರಿಗೆ ಹೊರಟ ರಾತ್ರಿ ನಿಮಗೆ ನಿದ್ದೆ ಬರುತ್ತದೆಯೇ? ವಿಮಾನ ಹತ್ತುವ ಮೊದಲು ಒಂದು ಫೋನ್ ಬರುತ್ತದೆ. ಆಮೇಲೆ ಮೂರು ನಾಲ್ಕು ಗಂಟೆಗಳ ಮೌನ. ನಮ್ಮ ತಾಯಂದಿರು ಆ ಹೊತ್ತನ್ನು ತಸ್ಬೀಹ್ ಹಿಡಿದು ಕಳೆಯುತ್ತಿದ್ದರು. ಈಗಿನ ಮಕ್ಕಳು ಮೊಬೈಲ್ ತೆರೆದು, ನಕ್ಷೆಯ ಮೇಲೆ ಮೆಲ್ಲನೆ ಸರಿಯುವ ಪುಟ್ಟ ವಿಮಾನದ ಚಿತ್ರವನ್ನು ತೋರಿಸಿ, "ಉಮ್ಮಾ, ಉಪ್ಪ ಮಸ್ಕತ್ ದಾಟಿದರು" ಎನ್ನುತ್ತಾರೆ. ಅರಬಿ ಸಮುದ್ರದ ನಡುವೆ ಕೆಲವೊಮ್ಮೆ ಆ ಚಿತ್ರ ಮಾಯವಾಗುವುದೂ ಉಂಟು. ಆಗ ತಾಯಿಯ ಎದೆ ಒಮ್ಮೆ ಧಸಕ್ಕೆನ್ನುತ್ತದೆ.

ಸಹೋದರಿಯರೇ, ಆ ಚಿತ್ರ ಎಲ್ಲಿಂದ ಬರುತ್ತದೆ, ಏಕೆ ಮಾಯವಾಗುತ್ತದೆ ಎಂಬುದನ್ನು ನಾವು ತಿಳಿದಿರುವುದು ಒಳ್ಳೆಯದು. ವಿದೇಶದ ದುಡಿಮೆ, ಹಜ್ಜ್, ಉಮ್ರಾ ಎಂದು ವಿಮಾನವು ನಮ್ಮ ಕುಟುಂಬಗಳ ಬದುಕಿನ ಭಾಗವಾಗಿ ಹೋಗಿದೆ. ಅದನ್ನು ಕಾಯುವ ವ್ಯವಸ್ಥೆ ಇಂದು ದೊಡ್ಡ ಬದಲಾವಣೆಯಲ್ಲಿದೆ. ನೆಲದ ಮೇಲಿನ ರಾಡಾರ್ ಮಾಡುತ್ತಿದ್ದ ಕೆಲಸವನ್ನು ಆಕಾಶದ ಉಪಗ್ರಹಗಳು ಒಂದೊಂದಾಗಿ ವಹಿಸಿಕೊಳ್ಳುತ್ತಿವೆ.

ರಾಡಾರಿನ ಕಣ್ಣು

ಬಾವಿಗೆ ಬಗ್ಗಿ ಕೂಗಿದರೆ ನಮ್ಮ ದನಿ ಮರಳಿ ಬರುತ್ತದೆ. ರಾಡಾರ್ ಮಾಡುವುದೂ ಇದನ್ನೇ. ತಿರುಗುವ ಆಂಟೆನಾ ರೇಡಿಯೋ ಅಲೆಗಳನ್ನು ಕಳುಹಿಸುತ್ತದೆ. ಅವು ವಿಮಾನಕ್ಕೆ ಬಡಿದು ಮರಳುವ ಸಮಯದಿಂದ ದೂರವನ್ನು ಲೆಕ್ಕ ಹಾಕಲಾಗುತ್ತದೆ. ಆದರೆ ಈ ಹಳೆಯ ಬಗೆಯ ಪ್ರಾಥಮಿಕ ರಾಡಾರ್ ಪರದೆಯ ಮೇಲೆ ಒಂದು ಚುಕ್ಕೆಯನ್ನಷ್ಟೇ ತೋರಿಸುತ್ತದೆ. ಆ ಚುಕ್ಕೆ ಯಾರದು, ಎಷ್ಟು ಎತ್ತರದಲ್ಲಿದೆ ಎಂದು ಹೇಳುವುದಿಲ್ಲ. ನಂತರ ಬಂದ ಎರಡನೆಯ ಬಗೆಯ ರಾಡಾರ್ ವಿಮಾನವನ್ನು ಪ್ರಶ್ನಿಸುತ್ತದೆ. ವಿಮಾನದಲ್ಲಿರುವ ಉಪಕರಣ ತನ್ನ ಗುರುತನ್ನೂ ಎತ್ತರವನ್ನೂ ಉತ್ತರವಾಗಿ ಕಳುಹಿಸುತ್ತದೆ.

ಈ ವ್ಯತ್ಯಾಸದ ಬೆಲೆ ಏನೆಂಬುದನ್ನು ನಮ್ಮ ದೇಶ ಕಣ್ಣೀರಿನಲ್ಲಿ ಕಲಿತಿದೆ. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಸೌದಿ ಅರೇಬಿಯಾಕ್ಕೆ ಹೊರಟ ಸೌದಿಯಾ ವಿಮಾನವೂ ದೆಹಲಿಗೆ ಇಳಿಯಲು ಬರುತ್ತಿದ್ದ ಕಜಕಸ್ತಾನದ ವಿಮಾನವೂ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಡಿಕ್ಕಿ ಹೊಡೆದವು. 349 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಸೌದಿ ವಿಮಾನದಲ್ಲಿದ್ದವರಲ್ಲಿ ಕೊಲ್ಲಿಗೆ ದುಡಿಯಲು ಹೊರಟ ಭಾರತೀಯರು ಬಹಳ ಮಂದಿ. ಒಂದಕ್ಕೆ 14,000 ಅಡಿ, ಇನ್ನೊಂದಕ್ಕೆ 15,000 ಅಡಿ ಎತ್ತರ ನಿಗದಿಯಾಗಿತ್ತು. ಕಜಕ್ ವಿಮಾನ ತನ್ನ ಎತ್ತರವನ್ನು ಬಿಟ್ಟು ಕೆಳಗಿಳಿಯಿತು. ಆದರೆ ದೆಹಲಿಯ ನಿಯಂತ್ರಕನ ಮುಂದಿದ್ದುದು ಎತ್ತರ ತೋರಿಸದ ರಾಡಾರ್. ಪೈಲಟ್ ಬಾಯಲ್ಲಿ ಹೇಳಿದ್ದನ್ನು ನಂಬುವುದಲ್ಲದೆ ಆತನಿಗೆ ಬೇರೆ ದಾರಿ ಇರಲಿಲ್ಲ.

ನಮ್ಮ ಕರಾವಳಿಯವರಿಗೆ 2010ರ ಮೇ 22ರ ಬೆಳಗ್ಗೆಯನ್ನು ನೆನಪಿಸಬೇಕಾಗಿಲ್ಲ. ದುಬೈಯಿಂದ ಬಂದ ವಿಮಾನ ಮಂಗಳೂರಿನ ರನ್‌ವೇ ದಾಟಿ ಕಂದಕಕ್ಕೆ ಬಿದ್ದು 158 ಮಂದಿ ತೀರಿಕೊಂಡರು. ಎಂಟು ಮಂದಿ ಬದುಕಿದರು. ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖೆಯು, ತಪ್ಪಾಗಿ ಆರಂಭವಾದ ಇಳಿಯುವಿಕೆಯನ್ನು ಕ್ಯಾಪ್ಟನ್ ಕೈಬಿಡದಿದ್ದುದೇ ನೇರ ಕಾರಣ ಎಂದಿತು. ಅದೇ ತನಿಖೆಯಲ್ಲಿ ಹೆಚ್ಚು ಜನ ಗಮನಿಸದ ಇನ್ನೊಂದು ಸಂಗತಿಯೂ ಇದೆ. ಆ ದಿನ ಮಂಗಳೂರಿನ ರಾಡಾರ್ ಕೆಲಸ ಮಾಡುತ್ತಿರಲಿಲ್ಲ. ಆದ್ದರಿಂದ ವಿಮಾನಕ್ಕೆ ಕೆಳಗಿಳಿಯಲು ಅನುಮತಿ ಸಿಕ್ಕಿದ್ದೇ ತಡವಾಗಿ. ಅದು ಇರಬೇಕಾದುದಕ್ಕಿಂತ ಎತ್ತರದಲ್ಲಿಯೇ ಊರ ಹತ್ತಿರ ಬಂದಿತ್ತು. ರಾಡಾರ್ ಇಲ್ಲದ್ದರಿಂದಲೇ ದುರಂತವಾಯಿತೆನ್ನುವುದು ನ್ಯಾಯವಲ್ಲ. ಆದರೆ ಒಂದು ಯಂತ್ರ ಕೆಟ್ಟರೆ ಕೆಲಸ ಮನುಷ್ಯನಿಗೆ ಎಷ್ಟು ಬಿಗಿಯಾಗುತ್ತದೆಂಬುದಕ್ಕೆ ಇದು ಸಾಕ್ಷಿ.

ರಾಡಾರಿಗೆ ಇನ್ನೊಂದು ಮಿತಿ ಇದೆ. ಭೂಮಿ ದುಂಡಗಿರುವುದರಿಂದ ಅದರ ದೃಷ್ಟಿ ಕೆಲವು ನೂರು ಕಿಲೋಮೀಟರ್‌ಗಳಿಗೆ ಮುಗಿಯುತ್ತದೆ. ನಡು ಸಮುದ್ರದಲ್ಲಿ ರಾಡಾರ್ ನೆಡಲು ನೆಲವೇ ಇಲ್ಲ. ಹಾಗಾಗಿ ಅಲ್ಲಿ ವಿಮಾನಗಳ ನಡುವೆ ಬಹಳ ಅಂತರ ಬಿಡಬೇಕಾಗುತ್ತದೆ.

ಉಪಗ್ರಹದ ದಾರಿ

ಉಪಗ್ರಹ ವ್ಯವಸ್ಥೆಯಲ್ಲಿ ನೆಲದವರು ವಿಮಾನವನ್ನು ಹುಡುಕುವುದಿಲ್ಲ. ವಿಮಾನವೇ 'ನಾನು ಇಲ್ಲಿದ್ದೇನೆ' ಎಂದು ಹೇಳುತ್ತದೆ. ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ನಿಖರವಾದ ಸಮಯವನ್ನು ಬಿತ್ತರಿಸುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕಿದರೆ ವಿಮಾನ ತನ್ನ ಸ್ಥಾನವನ್ನು ಲೆಕ್ಕ ಹಾಕಿಕೊಳ್ಳುತ್ತದೆ. ನಂತರ ತನ್ನ ಗುರುತು, ಸ್ಥಾನ, ಎತ್ತರ, ವೇಗಗಳನ್ನು ಸುಮಾರು ಸೆಕೆಂಡಿಗೊಮ್ಮೆ ಸಾರುತ್ತದೆ. ಇದಕ್ಕೆ ಎಡಿಎಸ್-ಬಿ ಎನ್ನುತ್ತಾರೆ. ರಾಡಾರಿನ ಆಂಟೆನಾ ಒಂದು ಸುತ್ತು ತಿರುಗಲು ಹಲವು ಸೆಕೆಂಡುಗಳು ಬೇಕು. ಅಮೆರಿಕವು 2020ರ ಜನವರಿ 1ರಿಂದ ತನ್ನ ಹೆಚ್ಚಿನ ನಿಯಂತ್ರಿತ ವಾಯುಪ್ರದೇಶದಲ್ಲಿ ಈ ಉಪಕರಣವನ್ನು ಕಡ್ಡಾಯಗೊಳಿಸಿದೆ.

ನಿಮ್ಮ ಮಗ ಮೊಬೈಲಿನಲ್ಲಿ ನೋಡುವುದೂ ಹೆಚ್ಚಾಗಿ ಇದೇ ಸಂಕೇತವನ್ನು. ಅದನ್ನು ಹಿಡಿಯುವ ನೆಲದ ಉಪಕರಣಗಳಿಂದ ವಿಮಾನ ದೂರ ಹೋದಾಗ ಚಿತ್ರ ಮಾಯವಾಗುತ್ತದೆ. ವಿಮಾನ ಮಾಯವಾಗುವುದಿಲ್ಲ, ನಮಗೆ ಅದರ ದನಿ ಕೇಳಿಸುವುದಿಲ್ಲ ಅಷ್ಟೆ. 2019ರಿಂದ ಈ ದನಿಯನ್ನು ಬಾಹ್ಯಾಕಾಶದಿಂದಲೇ ಆಲಿಸುವ ಸೇವೆಯೂ ಆರಂಭವಾಗಿದೆ. ಹಾಗಾಗಿ ಮಹಾಸಾಗರಗಳ ಮೇಲೂ ನಿಯಂತ್ರಕರಿಗೆ ವಿಮಾನಗಳನ್ನು ಕಾಣಲು ಸಾಧ್ಯವಾಗಿದೆ.

ಈ ವಿಷಯದಲ್ಲಿ ಭಾರತ ಹಿಂದೆ ಬಿದ್ದಿಲ್ಲ. ವಾತಾವರಣದ ಮೇಲ್ಪದರವನ್ನು ದಾಟಿ ಬರುವಾಗ ಜಿಪಿಎಸ್ ಸಂಕೇತದಲ್ಲಿ ಒಂದಿಷ್ಟು ತಪ್ಪು ಸೇರಿಕೊಳ್ಳುತ್ತದೆ. ಭೂಮಧ್ಯ ರೇಖೆಗೆ ಹತ್ತಿರವಿರುವ ನಮ್ಮಲ್ಲಿ ಅದು ಹೆಚ್ಚು. ಅದನ್ನು ತಿದ್ದಲು ಇಸ್ರೋ ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ 'ಗಗನ್' ಎಂಬ ವ್ಯವಸ್ಥೆಯನ್ನು ಕಟ್ಟಿದವು. ದೇಶದ 15 ಕಡೆಗಳಲ್ಲಿ ಸಂಕೇತವನ್ನು ಅಳೆದು, ತಪ್ಪನ್ನು ಲೆಕ್ಕ ಹಾಕಿ, ತಿದ್ದುಪಡಿಯನ್ನು ನಮ್ಮದೇ ಜಿಸ್ಯಾಟ್ ಉಪಗ್ರಹಗಳ ಮೂಲಕ ವಿಮಾನಕ್ಕೆ ಕಳುಹಿಸಲಾಗುತ್ತದೆ. ಇದರ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನಲ್ಲಿ. ಅಜ್ಮೀರ್ ಸಮೀಪದ ಕಿಶನ್‌ಗಢ ವಿಮಾನ ನಿಲ್ದಾಣದಲ್ಲಿ 2022ರ ಏಪ್ರಿಲ್‌ನಲ್ಲಿ ಇಂಡಿಗೋ ವಿಮಾನವೊಂದು ಗಗನ್ ನೆರವಿನಿಂದ ಇಳಿಯಿತು. ರನ್‌ವೇ ಪಕ್ಕದಲ್ಲಿ ದುಬಾರಿ ಉಪಕರಣ ನೆಡಲಾಗದ ಸಣ್ಣ ನಿಲ್ದಾಣಗಳಿಗೆ ಇದರಿಂದ ದೊಡ್ಡ ಅನುಕೂಲ. ದಾರಿ ನೇರವಾಗುವುದರಿಂದ ಇಂಧನವೂ ಉಳಿಯುತ್ತದೆ.

ದಾರಿಗೆ ಆಕಾಶವನ್ನು ನೋಡುವುದು ನಮಗೆ ಹೊಸತಲ್ಲ. ನಕ್ಷತ್ರಗಳಿಂದ ಜನರು ದಾರಿ ಕಂಡುಕೊಳ್ಳುವುದನ್ನು ಪವಿತ್ರ ಕುರ್‌ಆನ್ ಅಲ್ಲಾಹನ ಅನುಗ್ರಹಗಳ ಸಾಲಿನಲ್ಲಿ ನೆನಪಿಸಿದೆ. ನಕ್ಷತ್ರಗಳ ಎತ್ತರವನ್ನು ಅಳೆಯುವ ಉಸ್ತುರ್ಲಾಬ್ ಎಂಬ ಉಪಕರಣವನ್ನು ಮುಸ್ಲಿಮ್ ವಿದ್ವಾಂಸರು ಬಹಳ ಬೆಳೆಸಿದರು. 10ನೇ ಶತಮಾನದ ಅಲೆಪ್ಪೋದಲ್ಲಿ ಸೈಫುದ್ದೌಲಾನ ಆಶ್ರಯದಲ್ಲಿ ಅದನ್ನು ತಯಾರಿಸುತ್ತಿದ್ದವರಲ್ಲಿ ಅಲ್-ಇಜ್ಲಿಯ್ಯಾ ಎಂಬ ಮಹಿಳೆಯೂ ಇದ್ದರೆಂದು ಇಬ್ನು ನದೀಮ್ ದಾಖಲಿಸಿದ್ದಾರೆ.

ಒಂಟೆಯನ್ನು ಕಟ್ಟಿರಿ

ಹಾಗಾದರೆ ಇನ್ನು ರಾಡಾರ್ ಬೇಡವೇ? ಬೇಕು. ಉಪಗ್ರಹದ ಸಂಕೇತ ಬಹಳ ಕ್ಷೀಣ. ಅದನ್ನು ಅಡಗಿಸಬಹುದು, ಸುಳ್ಳು ಸಂಕೇತ ಕಳುಹಿಸಿ ವಿಮಾನಕ್ಕೆ ತಪ್ಪು ಸ್ಥಾನವನ್ನೂ ತೋರಿಸಬಹುದು. 2023ರಲ್ಲಿ ಇರಾಕ್ ಮತ್ತು ಇರಾನ್ ಗಡಿಯ ಮೇಲೆ ಹಾರುವ ಹಲವು ವಿಮಾನಗಳಿಗೆ ಹೀಗಾಯಿತು. ಆ ವರ್ಷ ನವೆಂಬರ್‌ನಲ್ಲಿ ನಮ್ಮ ನಾಗರಿಕ ವಿಮಾನಯಾನ ನಿರ್ದೇಶನಾಲಯವೂ ವಿಮಾನ ಸಂಸ್ಥೆಗಳಿಗೆ ಎಚ್ಚರಿಕೆ ನೀಡಿತು. ಯುದ್ಧ ಮಾಡುವವರ ಆಟಕ್ಕೆ ಯುದ್ಧದೊಂದಿಗೆ ಸಂಬಂಧವೇ ಇಲ್ಲದ ದುಡಿಯುವ ಬಡವರ ಪ್ರಾಣ ಪಣವಾಗುತ್ತಿದೆ. ಆದ್ದರಿಂದಲೇ ಹೊಸತನ್ನು ತಂದ ದೇಶಗಳೂ ರಾಡಾರನ್ನು ಪೂರ್ತಿ ಕಿತ್ತು ಹಾಕಿಲ್ಲ.

ಒಂಟೆಯನ್ನು ಕಟ್ಟದೆ ಅಲ್ಲಾಹನ ಮೇಲೆ ಭರವಸೆ ಇಡಲೇ ಎಂದು ಕೇಳಿದವರಿಗೆ ಪ್ರವಾದಿ(ಸ) ನೀಡಿದ ಉತ್ತರವನ್ನು ನೀವು ಬಲ್ಲಿರಿ. ಮೊದಲು ಕಟ್ಟಬೇಕು, ಆಮೇಲೆ ಭರವಸೆ ಇಡಬೇಕು. ರಾಡಾರ್, ಉಪಗ್ರಹ, ಗಗನ್ ಎಲ್ಲವೂ ಒಂಟೆ ಕಟ್ಟುವ ಹಗ್ಗಗಳೇ. ಒಂದು ಹಗ್ಗ ಹರಿದರೆ ಇನ್ನೊಂದು ಇರಲಿ ಎಂಬುದು ವಿವೇಕ, ಅದು ತವಕ್ಕುಲ್‌ಗೆ ವಿರುದ್ಧವಲ್ಲ.

ಆದರೆ ಹಗ್ಗವನ್ನು ಹಿಡಿಯುವುದು ಮನುಷ್ಯನ ಕೈ. ಮಂಗಳೂರಿನ ಆ ವಿಮಾನದಲ್ಲಿ ಸಹ ಪೈಲಟ್ ಮೂರು ಬಾರಿ, ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದಿದ್ದರು. ಯಂತ್ರವೂ ಎಚ್ಚರಿಸಿತ್ತು. ಹಿರಿಯರು ಕಿವಿಗೊಡಲಿಲ್ಲ. ಕಿರಿಯರ ಮಾತನ್ನು ಕೇಳುವ ಅಭ್ಯಾಸ ಮನೆಯಲ್ಲಿ ಆರಂಭವಾಗಬೇಕು. ಮಗಳು ಸರಿಯಾದುದನ್ನು ಹೇಳಿದಾಗ, 'ನೀನು ಚಿಕ್ಕವಳು, ಸುಮ್ಮನಿರು' ಎನ್ನುವ ಮನೆಯಿಂದ ಬಂದವರು ನಾಳೆ ಯಾರ ಮಾತನ್ನು ಕೇಳಿಯಾರು?

ಇನ್ನೊಂದು ಮಾತು. ವಿಮಾನಗಳಿಗೆ ದಾರಿ ತೋರುವ ನಿಯಂತ್ರಕರ ಹುದ್ದೆಗೆ ವಿಮಾನ ನಿಲ್ದಾಣ ಪ್ರಾಧಿಕಾರ ಪರೀಕ್ಷೆ ನಡೆಸುತ್ತದೆ. ಭೌತಶಾಸ್ತ್ರ, ಗಣಿತ ಓದಿದ ಬಿ.ಎಸ್ಸಿ. ಪದವೀಧರರೂ ಇಂಜಿನಿಯರುಗಳೂ ಬರೆಯಬಹುದು. ಹೆಣ್ಣುಮಕ್ಕಳು ಈ ಕೆಲಸವನ್ನು ಸಮರ್ಥವಾಗಿ ಮಾಡುತ್ತಿದ್ದಾರೆ. ಲೆಕ್ಕದಲ್ಲಿ ಚುರುಕಾಗಿರುವ ಮಗಳು ನಿಮ್ಮ ಮನೆಯಲ್ಲಿದ್ದರೆ ಅವಳ ಕಿವಿಗೆ ಇದನ್ನು ಹಾಕಿರಿ. ಒಂದು ಜೀವವನ್ನು ಉಳಿಸುವುದಕ್ಕೆ ನಮ್ಮ ಧರ್ಮದಲ್ಲಿರುವ ಸ್ಥಾನವನ್ನು ಅವಳು ಮದ್ರಸದಲ್ಲೇ ಕಲಿತಿರುತ್ತಾಳೆ.

ಮುಂದಿನ ಸಲ ನಡು ಸಮುದ್ರದಲ್ಲಿ ಆ ಪುಟ್ಟ ಚಿತ್ರ ಮಾಯವಾದರೆ ಗಾಬರಿಯಾಗಬೇಡಿ. ಕಾಯುವವರು ಕಾಯುತ್ತಿದ್ದಾರೆ. ನೀವು ಮೊಬೈಲನ್ನು ಬದಿಗಿಟ್ಟು ಎರಡು ರಕಅತ್ ನಮಾಝ್ ಮಾಡಿ, ಅವರಿಗಾಗಿ ದುಆ ಮಾಡಿರಿ. ಆ ನಿಯಂತ್ರಕರನ್ನೂ ನಿಮ್ಮ ದುಆದಲ್ಲಿ ಸೇರಿಸಿಕೊಳ್ಳಿ.