ಎರಡು ಸಲ ತೂಗಿದರೆ ಸಂಡೂರಿನ ಕಲ್ಲು ಹೇಳುವ ಲೆಕ್ಕ

ಕಂಪ್ಲಿಯ ಭತ್ತ ಹೇರಿದ ಲಾರಿಯಲ್ಲಿ ಮೂಟೆಗಳು ಬಾಡಿಯ ಅಂಚು ದಾಟಿ ಮೇಲೇರಿರುತ್ತವೆ. ಸಂಡೂರಿನ ಕಬ್ಬಿಣದ ಅದಿರಾದರೆ ಅಷ್ಟೇ ಟನ್ನು ತಳದಲ್ಲೇ ಕುಳಿತುಬಿಡುತ್ತದೆ. ಅದಿರು ಭಾರ, ಭತ್ತ ಹಗುರ ಎನ್ನುವುದು ಮಾತಿನ ರೂಢಿ. ವೇ ಬ್ರಿಜ್ ಮಾತ್ರ ಎರಡಕ್ಕೂ ಒಂದೇ ಅಂಕಿ ತೋರಿಸುತ್ತದೆ. ವ್ಯತ್ಯಾಸವಿರುವುದು ಆ ತೂಕ ಹಿಡಿದ ಜಾಗದಲ್ಲಿ.

ಇಷ್ಟು ಜಾಗದಲ್ಲಿ ಎಷ್ಟು ದ್ರವ್ಯವಿದೆ ಎಂಬುದೇ ಸಾಂದ್ರತೆ. ಶುದ್ಧ ಹೆಮಟೈಟ್ ಅದಿರಿನದು ಘನ ಮೀಟರಿಗೆ ಸುಮಾರು 5,250 ಕಿಲೋಗ್ರಾಂ, ನೀರಿನದು 1,000. ಅದನ್ನು ಇದರಿಂದ ಭಾಗಿಸಿದರೆ 5.25. ಇದೇ ಸಾಪೇಕ್ಷ ಸಾಂದ್ರತೆ. ಭಾಗಾಕಾರದಲ್ಲಿ ಕಿಲೋಗ್ರಾಂ, ಮೀಟರುಗಳೆಲ್ಲ ಹೊಡೆದುಹೋಗಿ ಬರೀ ಸಂಖ್ಯೆ ಉಳಿಯುತ್ತದೆ. ಸಾಂದ್ರತೆಯನ್ನು ‘ಘನ ಸೆಂಟಿಮೀಟರಿಗೆ 5.25 ಗ್ರಾಂ’ ಎಂದು ಬರೆದಾಗಲೂ ಅಂಕಿ ಅದೇ ಆಗುವುದರಿಂದ ಮಕ್ಕಳು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ತೂಕ ಇವೆರಡರಿಂದಲೂ ಬೇರೆ: ಚಂದ್ರನ ಮೇಲೆ ಅದು ಆರನೇ ಒಂದಕ್ಕೆ ಇಳಿಯುತ್ತದೆ, 5.25 ಅಲ್ಲೂ 5.25 ಆಗಿಯೇ ಇರುತ್ತದೆ. ಲಾರಿಯಲ್ಲಿ ಗುಡ್ಡೆಬಿದ್ದ ಅದಿರಿನ ಲೆಕ್ಕ ಇನ್ನೊಂದು. ಕಲ್ಲುಗಳ ನಡುವೆ ಗಾಳಿ ಸೇರಿರುವುದರಿಂದ ಗುಡ್ಡೆಯ ಸಾಂದ್ರತೆ ಕಲ್ಲಿನದಕ್ಕಿಂತ ಬಹಳ ಕಡಿಮೆ.

ಈ ಸಂಖ್ಯೆಯ ಸೊಗಸು ಗೊತ್ತಾಗಬೇಕಾದರೆ ಸಂಡೂರು ಬೆಟ್ಟಗಳ ಪಟ್ಟೆಕಲ್ಲನ್ನು ಕೈಗೆತ್ತಿಕೊಳ್ಳಬೇಕು. ಉಕ್ಕಿನ ಬಣ್ಣದ ಹೆಮಟೈಟ್ ಒಂದು ಗೆರೆ, ಬಿಳಿಯದೋ ಕೆಂಪೋ ಬೆಣಚು ಇನ್ನೊಂದು ಗೆರೆ, ಹೀಗೆ ಒಂದರ ಮೇಲೊಂದು. ಬೆಣಚಿನ ಸಾಪೇಕ್ಷ ಸಾಂದ್ರತೆ 2.65; ಹಂಪಿಯ ಹೆಬ್ಬಂಡೆಗಳದೂ ಹೆಚ್ಚುಕಡಿಮೆ ಅಷ್ಟೇ. ಇಂಥದೊಂದು ಕಲ್ಲು ಗಾಳಿಯಲ್ಲಿ 700 ಗ್ರಾಂ ತೂಗಿತು, ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿದಾಗ 500 ಗ್ರಾಂ ತೋರಿಸಿತು ಎನ್ನಿ. ಕಡಿಮೆಯಾದ 200 ಗ್ರಾಂ, ಕಲ್ಲು ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಆರ್ಕಿಮಿಡೀಸ್ ಕಂಡುಕೊಂಡ ನಿಯಮ ಇದು. 700ನ್ನು 200ರಿಂದ ಭಾಗಿಸಿದರೆ 3.5. ಅದು 2.65 ಮತ್ತು 5.25ರ ನಡುವೆ ಎಲ್ಲಿ ಬೀಳುತ್ತದೆಂದು ನೋಡಿದರೆ, ಗಾತ್ರದಲ್ಲಿ ಸುಮಾರು ಮೂರನೇ ಒಂದು ಭಾಗ, ತೂಕದಲ್ಲಿ ಸುಮಾರು ಅರ್ಧ ಹೆಮಟೈಟ್ ಎಂದಾಯಿತು. ಹೆಮಟೈಟಿನಲ್ಲಿ ಶೇ. 70ರಷ್ಟು ಕಬ್ಬಿಣ, ಹಾಗಾಗಿ ಈ ಕಲ್ಲಿನಲ್ಲಿ ಶೇ. 34ರಷ್ಟು. ಕಲ್ಲು ಪುಡಿಮಾಡದೆ, ಆಮ್ಲ ಸುರಿಯದೆ ಸಿಕ್ಕ ಉತ್ತರ! ಈ ಭಾಗದ ಪ್ರತಿ ಶಾಲೆಯ ಮಕ್ಕಳೂ ಇದನ್ನು ಕೈಯಾರೆ ಮಾಡಿ ನೋಡಬೇಕು.

ಅದಕ್ಕೆ ಮಳೆಗಾಲದ ತುಂಗಭದ್ರೆಯ ಕೆಂಪು ನೀರು ಬೇಡ. ಮಣ್ಣು ಬೆರೆತ ನೀರಿನ ಸಾಪೇಕ್ಷ ಸಾಂದ್ರತೆ 1ನ್ನು ದಾಟಿರುತ್ತದೆ. ಹೊಸಪೇಟೆಯ ಬೇಸಿಗೆಯಲ್ಲಿ ನೀರು 40 ಡಿಗ್ರಿ ಕಾದಿದ್ದರೂ ತಪ್ಪು ಶೇ. 1ರೊಳಗೇ ಇರುತ್ತದೆ, ಚಿಂತೆಯಿಲ್ಲ. ಕಲ್ಲನ್ನು ಒಣಗಿದ್ದಾಗಲೇ ಒಮ್ಮೆ ತೂಗಿ, ಆಮೇಲೆ ಮುಳುಗಿಸಿ, ಗುಳ್ಳೆ ಏಳುವುದು ಪೂರ್ತಿ ನಿಂತ ಮೇಲೆ ಎರಡನೇ ತೂಕ ಬರೆದುಕೊಳ್ಳಬೇಕು. ಹಳದಿ ಮಿಶ್ರಿತ ಕಂದು ಬಣ್ಣದ ಗೋಥೈಟ್ ಸೇರಿದ್ದರೆ ಮಾತ್ರ ಈ ಲೆಕ್ಕ ನಡೆಯದು. ಆಗ ರಾಸಾಯನಿಕ ಪರೀಕ್ಷೆಯೇ ಆಗಬೇಕು.